ಅಗೇಟ್: ಜೆಮಿನಿ ಕ್ಯಾಪ್ಸೂಲ್ ತೆರೆಯುವವರಿಗೆ ಒಳ್ಳೆಯ ಮೊದಲ ಸರ್ವರ್

ವೆಬ್‌ಗಿಂತ ಬಹಳ ಸರಳವಾದ, ಬರಹಕ್ಕೆಂದೇ ಇರುವ ಜೆಮಿನಿ ಪ್ರೋಟೋಕಾಲ್‌ನಲ್ಲಿ ಸ್ವಂತ ತಾಣ, ಅಂದರೆ ಕ್ಯಾಪ್ಸೂಲ್ ತೆರೆಯಬೇಕೆಂದಿರುವವರು ಅಗೇಟ್‌ನಿಂದಲೇ ಶುರು ಮಾಡಲಿ. ರಸ್ಟ್ ಭಾಷೆಯಲ್ಲಿ ಬರೆದ ಒಂದೇ ಬೈನರಿ, ಅಂದರೆ ನೇರ ಓಡಿಸಬಹುದಾದ ಕಡತ. ಫೋಲ್ಡರ್‌ನಲ್ಲಿರುವ ಕಡತವನ್ನು ಕೇಳಿದವರಿಗೆ ಕೊಡುವುದಷ್ಟೇ ಇದರ ಕೆಲಸ, ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಎಚ್ಚರ ಬೇಕಾದದ್ದು ಮುಖ್ಯವಾಗಿ ಒಂದೇ ಕಡೆ: ಸರ್ಟಿಫಿಕೇಟ್.

ಜೆಮಿನಿ 2019ರಲ್ಲಿ ಶುರುವಾದದ್ದು. ಹೆಸರು ಒಂದೇ ಆದರೂ ಗೂಗಲ್‌ನ ಎಐಗೂ ಇದಕ್ಕೂ ಸಂಬಂಧವಿಲ್ಲ. ಕುಕಿ, ಜಾವಾಸ್ಕ್ರಿಪ್ಟ್, ಸ್ಟೈಲ್‌ಶೀಟ್ ಯಾವುದೂ ಇಲ್ಲ. ಕ್ಲೈಂಟ್, ಅಂದರೆ ಓದುಗರ ಬ್ರೌಸರ್, 1024 ಬೈಟ್ ಮೀರದ ಒಂದು ವಿಳಾಸ ಕಳಿಸುತ್ತದೆ. ಸರ್ವರ್ ಎರಡಂಕಿಯ ಸ್ಟೇಟಸ್ ಕೋಡ್ ಜೊತೆ ಕಡತ ಕೊಟ್ಟು ಸಂಪರ್ಕ ಮುಗಿಸುತ್ತದೆ.

ಹಾಕಿಕೊಳ್ಳುವುದು ಸುಲಭ. ರಸ್ಟ್‌ನ ಪ್ಯಾಕೇಜ್ ಸಾಧನ ಕಾರ್ಗೋ ಇದ್ದರೆ ಅದರಿಂದ, ಇಲ್ಲವಾದರೆ ಸಿದ್ಧ ಬೈನರಿ ಇಳಿಸಿಕೊಳ್ಳಿ. ಒಂದು ಫೋಲ್ಡರ್ ಮಾಡಿ ಅದರಲ್ಲಿ 'ಇಂಡೆಕ್ಸ್ ಡಾಟ್ ಜಿಎಂಐ' (index.gmi) ಕಡತ ಇಡಿ. ಫೋಲ್ಡರ್‌ನ ದಾರಿ, ಡೊಮೇನ್ ಹೆಸರು, ಭಾಷೆಯ ಕೋಡ್ (ಕನ್ನಡಕ್ಕೆ 'ಕೆಎನ್') ಕೊಟ್ಟು ಅಗೇಟ್ ಓಡಿಸಿದರೆ ಆಯಿತು, ಕಾನ್ಫಿಗ್ ಕಡತವೇ ಬೇಡ. ಪೋರ್ಟ್ 1965, ನಾಸಾದ ಜೆಮಿನಿ ನೌಕೆ ಮೊದಲ ಸಲ ಮನುಷ್ಯರನ್ನು ಹೊತ್ತು ಹಾರಿದ ವರ್ಷ ಅದು. 1024ಕ್ಕಿಂತ ಮೇಲಿನ ಪೋರ್ಟ್ ಆದ್ದರಿಂದ ರೂಟ್ ಅನುಮತಿ ಬೇಕಿಲ್ಲ, ಇದಕ್ಕೆಂದೇ ಬೇರೆ ಸಾಮಾನ್ಯ ಬಳಕೆದಾರನನ್ನು ಮಾಡಿ ಓಡಿಸಿ.

ಈಗ ಸರ್ಟಿಫಿಕೇಟ್ ವಿಷಯ. ಜೆಮಿನಿಯಲ್ಲಿ ಟಿಎಲ್ಎಸ್, ಅಂದರೆ ಸಂಪರ್ಕದ ಗೂಢಲಿಪೀಕರಣ, ಕಡ್ಡಾಯ. ಅದಕ್ಕೆ ಸರ್ವರ್‌ನ ಗುರುತು ತೋರಿಸುವ ಸರ್ಟಿಫಿಕೇಟ್ ಬೇಕು, ಆದರೆ ಅದಕ್ಕೆ ನೀವೇ ಸಹಿ ಹಾಕಿಕೊಂಡರೂ ನಡೆಯುತ್ತದೆ. ಮೊದಲ ಭೇಟಿಯಲ್ಲಿ ಕಂಡ ಸರ್ಟಿಫಿಕೇಟ್ ಅನ್ನು ಕ್ಲೈಂಟ್ ನೆನಪಿಟ್ಟುಕೊಳ್ಳುತ್ತದೆ. ಅದು ಹೇಳದೆ ಕೇಳದೆ ಬದಲಾದರೆ ಓದುಗರಿಗೆ ಎಚ್ಚರಿಕೆ ತೋರಿಸುತ್ತದೆ. ಡೊಮೇನ್ ಹೆಸರು ಕೊಟ್ಟರೆ ಅಗೇಟ್ ತಾನೇ ಸರ್ಟಿಫಿಕೇಟ್ ಮಾಡಿಕೊಳ್ಳುತ್ತದೆ. ಎಡವುವುದು ಇಲ್ಲೇ. ಅದನ್ನು ಇಡುವ ಅಡಗಿದ ಫೋಲ್ಡರ್ ನೀವು ಯಾವ ಡೈರೆಕ್ಟರಿಯಲ್ಲಿ ನಿಂತು ಓಡಿಸಿದಿರೋ ಅಲ್ಲಿ ಹುಟ್ಟುತ್ತದೆ. ಮೊದಲು ಕೈಯಿಂದ ಓಡಿಸಿ, ಆಮೇಲೆ ಲಿನಕ್ಸ್ ತಾನೇ ಓಡಿಸುವಂತೆ ಸಿಸ್ಟಮ್‌ಡಿ ಸರ್ವಿಸ್ ಮಾಡಿದಿರಿ ಎನ್ನಿ: ಡೈರೆಕ್ಟರಿ ಬೇರೆಯಾಗಿರುವುದರಿಂದ ಹಳೆಯ ಸರ್ಟಿಫಿಕೇಟ್ ಅಗೇಟ್‌ನ ಕಣ್ಣಿಗೆ ಬೀಳುವುದಿಲ್ಲ. ಹೊಸದನ್ನು ಮಾಡುತ್ತದೆ, ಇಲ್ಲವೇ ಅಲ್ಲಿ ಬರೆಯಲು ಅನುಮತಿಯಿಲ್ಲದೆ ನಿಂತುಬಿಡುತ್ತದೆ. ಆ ಫೋಲ್ಡರ್‌ಗೆ ಪೂರ್ತಿ ದಾರಿಯನ್ನು ಮೊದಲ ದಿನವೇ ಆಪ್ಷನ್‌ನಲ್ಲಿ ಕೊಡಿ, ಬ್ಯಾಕಪ್ ತೆಗೆದಿಡಿ. ಬರಹದ ಪ್ರತಿ ಎಲ್ಲಾದರೂ ಸಿಕ್ಕೀತು, ಸರ್ಟಿಫಿಕೇಟ್ ಜೊತೆಗಿರುವ ಗುಟ್ಟಿನ ಕೀ ಕಳೆದರೆ ಸಿಗುವುದಿಲ್ಲ.

ಮನೆಯ ಯಂತ್ರದಿಂದ ನಡೆಸುವುದಾದರೆ ರೌಟರ್‌ನಲ್ಲಿ 1965ರ ಟಿಸಿಪಿ ಪೋರ್ಟ್ ಒಳಗೆ ಬಿಡಿ. ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಒಂದೇ ಸಾರ್ವಜನಿಕ ಐಪಿ ಹಂಚಿದ್ದರೆ ಇದು ಫಲಿಸದು. ಆಗ ಸಣ್ಣ ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ಒಳ್ಳೆಯದು. ಡಿಎನ್ಎಸ್‌ನಲ್ಲಿ ವೆಬ್ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ, ಅದು ಎಚ್‌ಟಿಟಿಪಿಯನ್ನಷ್ಟೇ ದಾಟಿಸುತ್ತದೆ. ಪರೀಕ್ಷೆಯನ್ನು ಮೊಬೈಲ್ ಡೇಟಾದಿಂದ ಮಾಡಿ, ಏಕೆಂದರೆ ಕೆಲವು ರೌಟರ್‌ಗಳು ಒಳಗಿನಿಂದ ಸ್ವಂತ ಹೊರ ವಿಳಾಸಕ್ಕೆ ಹೋಗಲು ಬಿಡುವುದಿಲ್ಲ. ಸ್ಟೇಟಸ್ ಕೋಡ್ 53 ಬಂದರೆ ಕೇಳಿದ ಡೊಮೇನ್ ಅಥವಾ ಪೋರ್ಟ್ ನೀವು ಕೊಟ್ಟದ್ದಕ್ಕೆ ಹೊಂದುತ್ತಿಲ್ಲ. 51 ಬಂದರೆ ಕಡತ ಇಲ್ಲ, ಅಥವಾ ಆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಇಡಲು ಮರೆತಿದ್ದೀರಿ.

ಬರೆಯುವ ಶೈಲಿಗೆ ಒಂದೆರಡು ದಿನದಲ್ಲಿ ಕೈ ಕೂರುತ್ತದೆ. ಸಾಲಿನ ಮೊದಲಲ್ಲಿ # ಶೀರ್ಷಿಕೆಗೆ, * ಪಟ್ಟಿಗೆ, > ಉಲ್ಲೇಖಕ್ಕೆ. ಕೊಂಡಿಗೆ => ಹಾಕಿ ವಿಳಾಸ, ಆಮೇಲೆ ಹೆಸರು; ವಾಕ್ಯದ ನಡುವೆ ಕೊಂಡಿ ಸೇರಿಸಲು ಬರುವುದಿಲ್ಲ. ಒಂದು ಪ್ಯಾರಾ ಎಂದರೆ ಒಂದೇ ಉದ್ದದ ಸಾಲು. 70 ಅಕ್ಷರಕ್ಕೊಮ್ಮೆ ಎಂಟರ್ ಒತ್ತಿದ ಬರಹವನ್ನು ಹಾಗೇ ಅಂಟಿಸಿದರೆ ಫೋನ್ ಪರದೆಯಲ್ಲಿ ಉದ್ದ ಸಾಲು, ತುಂಡು ಸಾಲು ಒಂದರ ಹಿಂದೆ ಒಂದು ಬಂದು ಓದುವುದೇ ಕಷ್ಟ. ಕೊಂಡಿಯ ಹೆಸರು ವರ್ಷ-ತಿಂಗಳು-ದಿನ ಕ್ರಮದ ತಾರೀಖಿನಿಂದ, 2025-01-14 ಎಂಬಂತೆ, ಶುರುವಾದರೆ ಅದೇ ಪುಟಕ್ಕೆ ಓದುಗರು ಚಂದಾದಾರರಾಗಬಹುದು. ಬೇರೆ ಫೀಡ್ ಮಾಡುವ ತಲೆನೋವಿಲ್ಲ, ಜೆಮಿನಿಯಲ್ಲಿ ಬಹಳ ಮೆಚ್ಚಬೇಕಾದ ಏರ್ಪಾಡು ಇದು. ಕಡತದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ: ಕನ್ನಡದ 'ಕ' ಒಂದೇ ವಿಳಾಸದೊಳಗೆ 9 ಬೈಟ್ ತಿನ್ನುತ್ತದೆ.

ಮೊದಲೇ ಹೇಳದ ಹೊರತು ಲಾಗ್‌ನಲ್ಲಿ ಓದುಗರ ಐಪಿ ಬರೆಯುವುದಿಲ್ಲ ಎನ್ನುವುದು ಅಗೇಟ್‌ನ ದೊಡ್ಡ ಗುಣ. ಕೊರತೆ ಎಂದರೆ ಸಿಜಿಐ (ಕೇಳಿದಾಗ ಪ್ರೋಗ್ರಾಂ ಓಡಿಸಿ ಅದರ ಉತ್ತರ ಕೊಡುವ ವ್ಯವಸ್ಥೆ) ಇಲ್ಲ, ಹಾಗಾಗಿ ಅತಿಥಿ ಪುಸ್ತಕ, ಹುಡುಕಾಟದಂಥವು ಆಗವು. ಅವು ಬೇಕೆನಿಸಿದಾಗ ಮಾಲಿ ಬ್ರೌನ್ ಅಥವಾ ಜೆಟ್‌ಫೋರ್ಸ್ ಎಂಬ ಸರ್ವರ್‌ಗೆ ಹೋಗಿ. ಬರಹಗಳ ಫೋಲ್ಡರ್ ಹಾಗೇ ಎತ್ತಿಕೊಂಡು ಹೋಗಬಹುದು. ಅಗೇಟ್‌ನ ಸರ್ಟಿಫಿಕೇಟ್ ಮತ್ತು ಕೀ ಡಿಇಆರ್ ಎಂಬ ಬೈನರಿ ರೂಪದಲ್ಲಿರುತ್ತವೆ, ಅವನ್ನು ಓಪನ್‌ಎಸ್ಎಸ್ಎಲ್ ಸಾಧನದಿಂದ ಪಿಇಎಂ ಎಂಬ ಪಠ್ಯ ರೂಪಕ್ಕೆ ಬದಲಿಸಿ ಹೊಸ ಸರ್ವರ್‌ಗೆ ಕೊಡಿ. ಸರ್ಟಿಫಿಕೇಟ್ ಅದೇ ಇರುವುದರಿಂದ ಹಳೆಯ ಓದುಗರಿಗೆ ಎಚ್ಚರಿಕೆ ಬರುವುದಿಲ್ಲ.