ಪಲಾವಿಗೆ ಯಾವ ಚಕ್ಕೆ, ಟೀಗೆ ಯಾವ ಚಕ್ಕೆ?

ಅಂಗಡಿಯಲ್ಲಿ ಎರಡು ಥರದ ಚಕ್ಕೆ ಇದೆ, ಬೆಲೆಯಲ್ಲಿ ತುಂಬಾ ವ್ಯತ್ಯಾಸ, ಯಾವುದು ತಗೊಳ್ಳಲಿ ಎಂದು ಕೇಳಿದ್ದೀರಿ. ಎರಡೂ ತೊಗಟೆಯೇ, ಆದರೆ ಬೇರೆ ಬೇರೆ ಮರದ್ದು. ಅಗ್ಗದ್ದು ಕ್ಯಾಸಿಯಾ, ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯದು. ದುಬಾರಿಯದು ಸಿಲೋನ್ ದಾಲ್ಚಿನ್ನಿ, ಹೆಚ್ಚಾಗಿ ಶ್ರೀಲಂಕಾದ್ದು.

ಗುರುತು ಹಿಡಿಯುವುದು ಸುಲಭ. ಕ್ಯಾಸಿಯಾ ದಪ್ಪ, ಗಟ್ಟಿ, ಒಂದೇ ಪದರ. ಸಿಲೋನ್‌ನದು ಚಾಪೆ ಸುತ್ತಿಟ್ಟ ಹಾಗೆ ತೆಳು ತೆಳು ಪದರ, ಬೆರಳಲ್ಲೇ ಮುರಿಯುತ್ತದೆ. ಪುಡಿಯಾದ ಮೇಲೆ ಮಾತ್ರ ನೋಡಿ ಹೇಳುವುದು ಕಷ್ಟ.

ಕ್ಯಾಸಿಯಾಗೆ ಖಾರದ ಗಮ್ಮತ್ತು ಜಾಸ್ತಿ. ಬಿಸಿಬೇಳೆಬಾತ್ ಪುಡಿ, ಪಲಾವ್, ಬಿರಿಯಾನಿಗೆ ಅದೇ ಸಾಕು. ಲವಂಗ, ಏಲಕ್ಕಿ, ಮೆಣಸಿನಕಾಯಿಯ ಮಧ್ಯೆ ಸಿಲೋನ್‌ನ ನವಿರು ವಾಸನೆ ಎಲ್ಲಿ ಗೊತ್ತಾಗುತ್ತದೆ? ಸುಮ್ನೆ ದುಡ್ಡು ದಂಡ. ಟೀ, ಪಾಯಸ, ಕೇಕಿಗಾದರೆ ಸಿಲೋನ್ ಚೆನ್ನ. ಅದರ ಸಿಹಿ ಪರಿಮಳ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಆರೋಗ್ಯ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು. ಅತಿಯಾದರೆ ಕೆಲವರ ಲಿವರ್‌ಗೆ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಪ್ರಕಾರ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಕೂಮರಿನ್ ಮಿತಿ. 60 ಕಿಲೋ ಇರುವವರಿಗೆ 6 ಮಿಲಿಗ್ರಾಂ. ಸಿಲೋನ್‌ನಲ್ಲಿ ಕೂಮರಿನ್ ತೀರಾ ಕಡಿಮೆ. ವಾರಕ್ಕೊಮ್ಮೆ ಪಲಾವಿಗೆ ಒಂದು ತುಂಡು ಹಾಕುವವರಿಗೆ ಇದು ಚಿಂತೆಯ ಮಾತಲ್ಲ. ಶುಗರ್‌ಗೆ ಒಳ್ಳೇದು ಅಂತ ದಿನಾ ಚಮಚಗಟ್ಟಲೆ ಪುಡಿ ತಿನ್ನುವವರು ಮಾತ್ರ ಸಿಲೋನ್‌ನದನ್ನೇ ತರಲಿ, ಡಾಕ್ಟರನ್ನೂ ಕೇಳಲಿ. ಅದೂ ಇಡೀ ಕಡ್ಡಿ ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳಲಿ.