ಅಕ್ಟೋಬರ್ ಭಾನುವಾರ: ಕಬ್ಬನ್ ಪಾರ್ಕಾ, ಮನೆಯಾ?

ಬೆಳಗ್ಗೆ ಎಳೆಬಿಸಿಲು, ಸಂಜೆಯಾದ್ರೆ ಹಿಂಗಾರು ಮಳೆ. ಗೆಳೆಯರ ಜೊತೆ ನಾಯಿಯೂ ಇರಬೇಕು ಅಂದ್ರೆ ಬೆಂಗಳೂರಲ್ಲಿ ಎಲ್ಲಿ ಸೇರೋದು? ಲಾಲ್‌ಬಾಗಿನೊಳಗೆ ನಾಯಿ ಬಿಡಲ್ಲ.

ಕಬ್ಬನ್ ಪಾರ್ಕ್ 1870ರ ಉದ್ಯಾನ. ಹಳೇ ಮರಗಳ ನೆರಳು ಧಾರಾಳ. ಓಡಾಡಬೇಕು ಅಂತ ಚಡಪಡಿಸೋ ಎಳೇ ನಾಯಿಗೆ ಇದೇ ಸರಿ. ಆದ್ರೆ ಬೆಲ್ಟ್ ಹಿಡಿದವರಿಗೆ ಹರಟೆ ಹೊಡೆಯೋಕೆ ಬಿಡುವಿಲ್ಲ.

ನನ್ನ ಓಟು ಮನೆಗೆ. ಕುಕ್ಕರಲ್ಲಿ ಹಸಿ ಕಡಲೆಕಾಯಿ ಬೇಯ್ತಿರುತ್ತೆ, ಫಿಲ್ಟರಲ್ಲಿ ಡಿಕಾಕ್ಷನ್ ಇಳೀತಿರುತ್ತೆ, ನಾಯಿ ಯಾರದೋ ಪಾದದ ಮೇಲೆ ಗದ್ದ ಊರಿ ಮಲಗಿರುತ್ತೆ. ವಯಸ್ಸಾದ, ಜನ ಕಂಡ್ರೆ ಬೆದರೋ ನಾಯಿಗಂತೂ ಇದಕ್ಕಿಂತ ಸುಖ ಬೇರೆ ಇಲ್ಲ. ಗೆಳೆಯರಿಗೆ ಮೊದಲೇ ಹೇಳಿಬಿಡಿ: ಈರುಳ್ಳಿ ಬಜ್ಜಿ ಚೂರೂ ಕೊಡಬಾರದು. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಹಾಳುಮಾಡುತ್ತೆ. ದ್ರಾಕ್ಷಿ, ಚಾಕೊಲೇಟೂ ಬೇಡ. ಕ್ಯಾರೆಟ್ ತುಂಡು ಸಾಕು.

ದೀಪಾವಳಿ ದಿನಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಮನೆಯೇ. ಪಟಾಕಿ ಶುರುವಾಗೋ ಮುಂಚೆ ಒಂದು ಸುತ್ತು ವಾಕಿಂಗ್ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿಡಿ. ಮಂಚದಡಿ ಸೇರಿಕೊಂಡ್ರೆ ಎಳೆಯಬೇಡಿ, ಪಕ್ಕದಲ್ಲೇ ನೆಲದ ಮೇಲೆ ಕೂತು ಮಾತಾಡ್ತಿರಿ.