ಸಿಲ್ವರ್ ಕ್ಲೇ: ಒಂದೆಲಗದ ಓಲೆ ಮಾಡುವವರಿಗೆ ಒಂದು ವಿಮರ್ಶೆ

ಸಿಲ್ವರ್ ಕ್ಲೇ, ಅಂದರೆ ಮಣ್ಣಿನಂತೆ ಲಟ್ಟಿಸಿ ಸುಟ್ಟರೆ ಬೆಳ್ಳಿಯಾಗುವ ಮುದ್ದೆ, ತಗೊಳ್ಳಬಹುದಾ ಎಂದು ಕೇಳುವವರಿಗೆ ನನ್ನ ಮೊದಲ ಪ್ರಶ್ನೆ ಇದು: ನಿಮಗೆ ಎಂಥ ಓಲೆ ಬೇಕು? ನುಣುಪಾದ ಬಿಲ್ಲೆ, ರಿಂಗು, ಜುಮಕಿ ಬೇಕಿದ್ದರೆ ಬೆಳ್ಳಿ ಕೆಲಸದವರ ಹತ್ತಿರ ಹೋಗಿ. ಅವರು ತಗಡು, ತಂತಿಯಲ್ಲಿ ಮಾಡಿಕೊಡುವುದು ಗಟ್ಟಿ, ಹಗುರ, ಖರ್ಚೂ ಕಡಿಮೆ. ಆದರೆ ಎಲೆಯ ಒಂದೊಂದು ನರವೂ, ಹಳೆಯ ಲೇಸಿನ ಒಂದೊಂದು ಎಳೆಯೂ ಬೆಳ್ಳಿಯಲ್ಲಿ ಮೂಡಬೇಕೆಂದರೆ ಮನೆಯಲ್ಲಿ ಮಾಡುವವರಿಗೆ ಈ ಕ್ಲೇಯಷ್ಟು ಸಲೀಸಾದ ದಾರಿ ನಾನು ಕಂಡಿಲ್ಲ. ಕೆಲವು ವರ್ಷಗಳಿಂದ ಕರಾವಳಿಯ ನಮ್ಮ ಮನೆಯಲ್ಲಿ ಇದನ್ನು ಬಳಸುತ್ತಿದ್ದೇನೆ. ಇಷ್ಟಪಟ್ಟೇ ಬಳಸುತ್ತಿದ್ದೇನೆ.

ಬೆಳ್ಳಿಯ ತೀರಾ ನಯವಾದ ಪುಡಿ, ನೀರು, ಸ್ವಲ್ಪ ಅಂಟು. ಕ್ಲೇ ಅಂದರೆ ಇಷ್ಟೇ. ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿ 1990ರ ದಶಕದಲ್ಲಿ ಪಿಎಂಸಿ (ಪ್ರೆಶಸ್ ಮೆಟಲ್ ಕ್ಲೇ) ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದೇ ದೇಶದ ಐದಾ ಕೆಮಿಕಲ್ ಕಂಪನಿಯದು ಆರ್ಟ್ ಕ್ಲೇ. ಸುಟ್ಟಾಗ ನೀರು ಆರಿ, ಅಂಟು ಉರಿದು ಹೋಗುತ್ತದೆ. ಬೆಳ್ಳಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಶೇ. 99.9 ಬೆಳ್ಳಿ. ಅಂಗಡಿಯ 92.5 ಬೆಳ್ಳಿಯಲ್ಲಿ ಸಾಮಾನ್ಯವಾಗಿ ತಾಮ್ರ ಬೆರೆತಿರುತ್ತದೆ, ಇದರಲ್ಲಿ ಅದಿಲ್ಲ. ಫ್ಯಾನ್ಸಿ ಓಲೆಯ ನಿಕಲ್‌ನಿಂದ ಕಿವಿ ತುರಿಸಿ ಹುಣ್ಣಾಗುವವರಿಗೆ ಇದು ದೊಡ್ಡ ಸಮಾಧಾನ.

ನನಗೆ ಅತಿ ಇಷ್ಟವಾದದ್ದು ಒಂದೆಲಗ. ತುಳುವಿನಲ್ಲಿ ತಿಮರೆ ಅನ್ನುತ್ತಾರಲ್ಲ, ಚಟ್ನಿ, ತಂಬುಳಿಗೆ ಹಾಕುವ ಅದೇ ಸೊಪ್ಪು. ಎಲೆ ಓಲೆಯ ಅಳತೆಗೇ ಇರುತ್ತದೆ. ತೊಟ್ಟಿನಿಂದ ನರಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ಕೈಗೆ ಚೂರು ಎಣ್ಣೆ ಸವರಿ, ಕ್ಲೇಯನ್ನು ಎರಡು ಕಡೆ ಇಸ್ಪೀಟ್ ಎಲೆಗಳ ನಡುವೆ ಲಟ್ಟಿಸಬೇಕು. ಒಂದೊಂದು ಕಡೆ ನಾಲ್ಕೈದು ಇಸ್ಪೀಟ್ ಎಲೆ ಪೇರಿಸಿದರೆ ದಪ್ಪ ಒಂದು ಮಿಲಿಮೀಟರ್ ಆಸುಪಾಸು ಬರುತ್ತದೆ. ಎಲೆಯ ಬೆನ್ನನ್ನು ಕ್ಲೇಗೆ ತಾಗಿಸಿ ಒಮ್ಮೆ ಮಾತ್ರ ಲಟ್ಟಣಿಗೆ ಉರುಳಿಸಿ, ಏಕೆಂದರೆ ನರ ಉಬ್ಬಿರುವುದು ಬೆನ್ನಿನಲ್ಲೇ. ಎಲೆಯನ್ನು ಮೆಲ್ಲಗೆ ಸುಲಿದಾಗ ಕಾಣುವ ಗುರುತು ಎಷ್ಟು ಸೂಕ್ಷ್ಮವೆಂದರೆ, ಅಂಚಿನ ಹಲ್ಲುಗಳೂ ಎಣಿಸಲು ಸಿಗುತ್ತವೆ. ಇನ್ನೊಂದು ದಾರಿಯೂ ಇದೆ. ಕ್ಲೇಯನ್ನು ನೀರಿನಲ್ಲಿ ಕದಡಿ ಪೇಸ್ಟ್ ಮಾಡಿ, ಎಲೆಯ ಬೆನ್ನಿಗೆ ಬ್ರಷ್‌ನಿಂದ ಪದರದ ಮೇಲೆ ಪದರ ಹಚ್ಚಿ ಒಣಗಿಸುವುದು. ಎಲೆಯ ಬಾಗು ಕೂಡ ಉಳಿಯುತ್ತದೆ, ಆದರೆ ತಾಳ್ಮೆ ಜಾಸ್ತಿ ಬೇಕು.

ಜೋಡಿ ಓಲೆ ಅಲ್ವಾ, ಎರಡನ್ನೂ ಒಂದೇ ಹಾಳೆಯಿಂದ, ಒಂದೇ ಅಚ್ಚಿನಿಂದ ಕತ್ತರಿಸಿ. ಸುಟ್ಟ ಮೇಲೆ ಇದು ಕುಗ್ಗುತ್ತದೆ. ಕಡಿಮೆ ಬಿಸಿಯಲ್ಲಿ ಸುಡುವ ಈಗಿನ ಬಗೆಗಳು ಶೇ. 8ರಿಂದ 12ರವರೆಗೆ ಕುಗ್ಗಿದರೆ, ಮೊದಲ ಕಾಲದ ಪಿಎಂಸಿ ಶೇ. 28ರಷ್ಟು ಕುಗ್ಗುತ್ತಿತ್ತು. ಎರಡೂವರೆ ಸೆಂಟಿಮೀಟರ್ ಓಲೆ ಬೇಕಾದರೆ 2.8 ಸೆಂಟಿಮೀಟರ್‌ಗೆ ಕತ್ತರಿಸಿ. ಕೊಕ್ಕೆಯ ತೂತನ್ನೂ ಆಗಲೇ ಸ್ವಲ್ಪ ದೊಡ್ಡದಾಗಿ ಹಾಕಿಡಿ. ಕೆಲಸಕ್ಕೆ ಅಲ್ಯೂಮಿನಿಯಂ ತಟ್ಟೆ, ಫಾಯಿಲ್ ಬೇಡ. ಅದು ತಾಗಿದರೆ ಕ್ಲೇ ಕೆಡುತ್ತದೆ.

ನಮ್ಮ ಊರಿನ ಹವೆಗೆ ಈ ವಸ್ತು ಹೇಗೆ? ಲಟ್ಟಿಸುವಾಗ ಕರಾವಳಿಯ ತೇವ ಒಳ್ಳೆಯದೇ. ಒಣ ಹವೆಯ ಊರಿನಲ್ಲಿ ಫ್ಯಾನಿನ ಕೆಳಗೆ ಕೂತರೆ ನೋಡುತ್ತಿದ್ದಂತೆ ಅಂಚು ಬಿರಿಯುತ್ತದೆ, ಇಲ್ಲಿ ಕೈಗೆ ಸಮಯ ಸಿಗುತ್ತದೆ. ಒಣಗಿಸುವಾಗ ಮಾತ್ರ ಕಷ್ಟ. ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೂ ಒಳಗೆ ನೀರು ಉಳಿದಿರುತ್ತದೆ. ಸ್ವಲ್ಪ ಬಿಸಿ ಮಾಡಿ ತಣ್ಣನೆಯ ಕನ್ನಡಿಯ ಮೇಲಿಟ್ಟು ಎತ್ತಿ ನೋಡಿ. ಕನ್ನಡಿಯಲ್ಲಿ ಮಂಜು ಮೂಡಿದರೆ ಇನ್ನೂ ಒಣಗಬೇಕು. ಈ ಪರೀಕ್ಷೆಯನ್ನು ಯಾವತ್ತೂ ಬಿಡಬೇಡಿ, ಒಳಗಿನ ನೀರು ಆವಿಯಾಗಿ ಓಲೆಯನ್ನೇ ಒಡೆಯಬಹುದು.

ಸುಡುವುದಕ್ಕೆ ನಾನು ಬ್ಯೂಟೇನ್ ಟಾರ್ಚ್ ಬಳಸುತ್ತೇನೆ. ಬೆಂಕಿ ತಡೆಯುವ ಇಟ್ಟಿಗೆ ಬೇಕು, ಕಿಟಕಿ ತೆರೆದಿರಬೇಕು, ದೀಪ ಮಂದವಾಗಿರಬೇಕು. ಮೊದಲು ಹೊಗೆ, ಸಣ್ಣ ಜ್ವಾಲೆ ಬರುತ್ತದೆ. ಅದು ಅಂಟು ಉರಿಯುವುದು, ಹೆದರಬೇಡಿ. ಆಮೇಲೆ ನಸುಗೆಂಪು ಬಣ್ಣ ಏರುತ್ತದೆ. ಆ ಬಣ್ಣವನ್ನು ಎರಡು ನಿಮಿಷವಾದರೂ ಹಿಡಿದಿಡಬೇಕು. ಮೇಲ್ಮೈ ಕನ್ನಡಿಯಂತೆ ಮಿನುಗತೊಡಗಿದರೆ ಬೆಳ್ಳಿ ಕರಗುತ್ತಿದೆ ಎಂದೇ ಅರ್ಥ, ಟಾರ್ಚನ್ನು ತಕ್ಷಣ ಹಿಂದೆ ತನ್ನಿ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸುಡುವ ಗೂಡಿನಲ್ಲಿ (ಕಿಲ್ನ್) 900 ಡಿಗ್ರಿ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಸುಟ್ಟದ್ದು ಟಾರ್ಚ್‌ನಲ್ಲಿ ಸುಟ್ಟದ್ದಕ್ಕಿಂತ ಗಟ್ಟಿ. ಓಲೆಗೆ ಟಾರ್ಚ್ ಸಾಕು, ಉಂಗುರಕ್ಕೆ ಸಾಲದು ಎನ್ನುವುದು ನನ್ನ ಅನುಭವ.

ಸುಟ್ಟು ಬಂದಾಗ ಓಲೆ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಸ್ಟೀಲ್ ಬ್ರಷ್‌ನಿಂದ ಸೋಪುನೀರಿನಲ್ಲಿ ಉಜ್ಜಿದರೆ ಲೋಹ ಕಾಣುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಗಳಿಗೆ ಅದು. ಬೆಂದ ಮೊಟ್ಟೆಯ ಹಳದಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅದರ ಗಂಧಕದಿಂದ ಓಲೆ ಕಪ್ಪಾಗುತ್ತದೆ. ಮೇಲಿನ ಕಪ್ಪನ್ನು ಒರೆಸಿದರೆ ನರದ ಗೆರೆಗಳಲ್ಲಿ ಮಾತ್ರ ಉಳಿದು ಎಲೆ ಎದ್ದು ಕಾಣುತ್ತದೆ.

ಬಾಳಿಕೆ ಹೇಗೆ? ಕಿವಿಯಲ್ಲಿ ನೇತಾಡುವ ಓಲೆಗಳು ಚೆನ್ನಾಗಿಯೇ ಉಳಿದಿವೆ. ಶುದ್ಧ ಬೆಳ್ಳಿ ಮೆದು, ಹಾಗಾಗಿ ಸಣ್ಣ ಗೀರು ಬೀಳುತ್ತದೆ. ತೆಳು ಓಲೆಯನ್ನು ಬಗ್ಗಿಸಿದರೆ ಮುರಿಯಬಹುದು. ಅದೇ ಕಾರಣಕ್ಕೆ ಕಿವಿಗೆ ಒತ್ತಿ ಕೂರುವ ಕಡ್ಡಿಯ ಓಲೆಗಿಂತ ಕೊಕ್ಕೆಯ ಓಲೆ ಒಳ್ಳೆಯದು. ಕೊಕ್ಕೆ 92.5ರದ್ದು ಸಿದ್ಧವಾಗಿ ಸಿಗುತ್ತದೆ, ಸುಟ್ಟ ಮೇಲೆ ಸಿಕ್ಕಿಸಿದರಾಯಿತು. ಮಾಸಿದರೆ ಸೋಡಾ, ಫಾಯಿಲ್, ಬಿಸಿನೀರಿನ ಉಪಾಯ ಸರಿಯೇ, ಆದರೆ ಬೇಕೆಂದೇ ಮಾಡಿದ ಕಪ್ಪೂ ಹೋಗುತ್ತದೆ. ಎಲೆ ಓಲೆಗೆ ಸೋಪು, ಹಳೆಯ ಮೆದು ಬ್ರಷ್ ಸಾಕು.

ಬೆಲೆ ನಿಜಕ್ಕೂ ಜಾಸ್ತಿ. ಗ್ರಾಂ ಲೆಕ್ಕದಲ್ಲಿ ಅಂಗಡಿ ಬೆಳ್ಳಿಗಿಂತ ತುಂಬಾ ದುಬಾರಿ, ಆ ತೂಕದಲ್ಲಿ ನೀರು, ಅಂಟೂ ಸೇರಿದೆ. ಮೊದಲ ಸಲ 10 ಗ್ರಾಂ ಪೊಟ್ಟಣ ತಗೊಳ್ಳಿ, ಒಂದು ಜೋಡಿ ಸಣ್ಣ ಓಲೆಗೆ ಸಾಕಾಗುತ್ತದೆ. ತೆರೆದ ಮೇಲೆ ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ಒದ್ದೆ ಬಟ್ಟೆಯ ತುಂಡಿನ ಜೊತೆ ಡಬ್ಬಿಯಲ್ಲಿಡಿ. ಸುಡುವ ಮೊದಲು ಉಜ್ಜಿದಾಗ ಉದುರಿದ ಪುಡಿಯನ್ನೂ ಕಾಗದದ ಮೇಲೆ ಹಿಡಿದಿಡಿ. ನೀರು ಬೆರೆಸಿದರೆ ಅದೇ ಮುಂದಿನ ಎಲೆಗೆ ಪೇಸ್ಟ್.